ನಿಧಾನವಾಗಿ ತುಳಿಯುವ ಹುಡುಗಿ

"ಸೈಡು... ಸೈಡು ಬಿಡಿ ಅಕ್ಕಾ!"

ಹಿಂದಿನಿಂದ ಬಂದ ಕೂಗಿಗೆ ಮುನಿಲಕ್ಷ್ಮಿಯ ಎದೆ ಧಸಕ್ಕೆಂದಿತು. ತಿರುಗಿ ನೋಡುವಷ್ಟರಲ್ಲಿ ಒಂದು ಸೈಕಲ್ಲು ಅವಳ ಭುಜದ ಪಕ್ಕದಲ್ಲೇ ಬಂದಿತ್ತು. ಎದುರಿನಿಂದ ಜಲ್ಲಿ ತುಂಬಿದ ಲಾರಿ! ಸೈಕಲ್ಲಿನವನಿಗೆ ಬಲಕ್ಕೆ ಜಾಗವಿಲ್ಲ, ಎಡಕ್ಕೆ ಅವಳಿದ್ದಾಳೆ. ಕಣ್ಣು ಮಿಟುಕಿಸುವುದರೊಳಗೆ ಅವನು ಅವಳ ಮುಂಚಕ್ರದ ಮುಂದೆಯೇ ಅಡ್ಡ ಹಾದು, ರಸ್ತೆ ಬದಿಗೆ ಸುರಿದಿದ್ದ ಮರಳಿನ ಗುಡ್ಡೆಗೆ ನುಗ್ಗಿದ.

ದಬ್!

ಲಾರಿ ಹಾರ್ನ್ ಬಾರಿಸುತ್ತಾ ಹೋಗಿಯೇಬಿಟ್ಟಿತು. ಕೆಂಪು ಧೂಳು ನಿಧಾನಕ್ಕೆ ಕೆಳಗಿಳಿಯಿತು.

ಅದು ತೊಂಬತ್ತಾರನೇ ಇಸವಿ. ಪಟ್ಟಂದೂರು ಅಗ್ರಹಾರದ ಹತ್ತಿರ ಕಂಪ್ಯೂಟರ್ ಕಂಪನಿಗಳಿಗೆಂದು ದೊಡ್ಡ ದೊಡ್ಡ ಕಟ್ಟಡಗಳು ಏಳುತ್ತಿದ್ದ ಕಾಲ. ಕಾಡುಗೋಡಿಯಿಂದ ಹೂಡಿಯ ಕಡೆಗೆ ಹೋಗುವ ರಸ್ತೆಯ ತುಂಬ ಮರಳು, ಜಲ್ಲಿ, ಲಾರಿ. ಅದರ ನಡುವೆ ಬೆಳಗ್ಗೆ ಬೆಳಗ್ಗೆ ಕಾರ್ಖಾನೆಗೆ ಹೋಗುವವರ ಸೈಕಲ್ಲುಗಳು.

ಮರಳಿನಿಂದ ಎದ್ದು ಕೂತವನಿಗೆ ಇಪ್ಪತ್ತೈದು ಇರಬಹುದು. ತಲೆಗೂದಲು, ಹುಬ್ಬು, ಜೇಬು... ಎಲ್ಲ ಮರಳು. ಅವನು ಅವಳನ್ನು ನೋಡಿ ಬಾಯಿಬಿಟ್ಟ.

"ಏನಕ್ಕಾ ನೀವು? ಸೈಕಲ್ ಓಡಿಸ್ತಿದೀರೋ, ದೇವರ ಮೆರವಣಿಗೆ ಮಾಡ್ತಿದೀರೋ?"

ಅವಳು ಕೆಳಗಿಳಿದಳು. ಸೈಕಲ್ ಸ್ಟ್ಯಾಂಡ್ ಹಾಕಿ ನಿಂತು ನೋಡುತ್ತಿದ್ದಳು. ಮೊದಲು ಕಂಡಿದ್ದು ಅವನ ಮೊಣಕೈಯ ರಕ್ತ. ಆಮೇಲೆ, ಮರಳಿನಲ್ಲಿ ಅವನ ಚಕ್ರ ಕೊರೆದಿದ್ದ ಗೆರೆ. ತನಗೆ ತಗುಲಬಾರದು ಅಂತಲೇ ಇವನು ಅಷ್ಟು ತೀಕ್ಷ್ಣವಾಗಿ ತಿರುಗಿಸಿದ್ದ. ಅವನ ಬಾಯಿ ಜೋರು, ಮನಸ್ಸು ಹಾಗಿಲ್ಲ ಅಂದುಕೊಂಡಳು.

"ಹಲೋ! ಮಾತು ಬರಲ್ವಾ?"

ಅವಳು ಚೀಲದಿಂದ ನೀರಿನ ಬಾಟಲಿ ತೆಗೆದು ಕೈ ಚಾಚಿದಳು.

"ಬಾಯಲ್ಲಿ ಮರಳಿದೆ. ಮೊದ್ಲು ಉಗೀರಿ."

ಅವನು ಒಂದು ಕ್ಷಣ ಬೆಪ್ಪಾದ. ಆಮೇಲೆ ನಗು ತಡೆಯಲಾರದೆ ಉಗಿದ, ನಕ್ಕ, ಕೆಮ್ಮಿದ, ಮತ್ತೆ ಉಗಿದ. ಅವಳು ತಲೆ ತಗ್ಗಿಸಿಕೊಂಡು ಸೈಕಲ್ ಹತ್ತಿದಳು. ಮೊದಲಿನ ಅದೇ ನಿಧಾನದಲ್ಲಿ ತುಳಿಯುತ್ತಾ ಹೊರಟಳು.

"ರೀ... ಬಾಟ್ಲಿ!"

ತಿರುಗಿ ನೋಡಲಿಲ್ಲ. ಆದರೆ ಅವಳ ಕಿವಿ ಎರಡೂ ಬೆಚ್ಚಗಾಗಿದ್ದವು.

*

ಮುನಿಲಕ್ಷ್ಮಿಗೆ 'ನಿಧಾನಿ' ಅನ್ನುವುದು ಚಿಕ್ಕಂದಿನಿಂದ ಕೇಳಿದ ಬೈಗುಳ.

ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು ಅವಳು. ಬೋರ್ಡಿನ ಮೇಲಿದ್ದದ್ದನ್ನು ಬರೆದು ಮುಗಿಸುವಷ್ಟರಲ್ಲಿ ಮೇಷ್ಟ್ರು ಅಳಿಸಿಬಿಡುತ್ತಿದ್ದರು. ಅಪ್ಪ ತೀರಿಹೋದ ವರ್ಷ ಅಮ್ಮ ಚಿಕ್ಕಮುನಿಯಮ್ಮ, "ಇವ್ಳು ಓದಿ ಮುಗಿಸೋ ಒತ್ಗೆ ನಾನೇ ಇರಾಕಿಲ್ಲ, ಅಸು ನೋಡ್ಕಳಿ" ಅಂದುಬಿಟ್ಟಿದ್ದಳು. ಮನೆಯಲ್ಲಿ ಹಸು ನೋಡಿಕೊಂಡು, ಯಾರೊಂದಿಗೂ ಹೆಚ್ಚು ಮಾತಾಡದೆ, ಎಲ್ಲರನ್ನೂ ಸುಮ್ಮನೆ ಗಮನಿಸುತ್ತಾ ಬೆಳೆದಳು.

ಆದರೆ ತಾತ್ಕಾಲಿಕವಾಗಿ ಸೇರಿದ್ದ ಕಾರ್ಖಾನೆಯಲ್ಲಿ ಬೇರೆಯೇ ಕಥೆ!

ಅಲ್ಲಿ ವಿದ್ಯುತ್ ಮೀಟರಿಗೆ ಬೇಕಾದ ತಾಮ್ರದ ತಂತಿ ಸುರುಳಿ ಸುತ್ತುತ್ತಿದ್ದರು. ಯಂತ್ರ ತಿರುಗುತ್ತದೆ, ತಂತಿಯನ್ನು ಮಾತ್ರ ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ನಡೆಸಬೇಕು. ತಲೆಗೂದಲಿಗಿಂತ ತೆಳ್ಳಗಿನ ತಂತಿ. ಬೆರಳು ಸ್ವಲ್ಪ ಬಿಗಿದರೆ ಪಟ್ಟನೆ ತುಂಡು, ಸಡಿಲಾದರೆ ಸುರುಳಿ ಗಂಟು. ಜೋರು ಹುಡುಗಿಯರೆಲ್ಲ ದಪ್ಪ ತಂತಿಯ ಮೇಜಿಗೆ ಹೋದರು. ಸಣ್ಣ ತಂತಿ ಮುನಿಲಕ್ಷ್ಮಿಯ ಬೆರಳಿಗೆ ಒಲಿಯಿತು.

"ನಿನ್ನ ಕೈ ಭಾಳ ಸಮಾಧಾನದ ಕೈ ಐತಮ್ಮ," ಅಂದಿದ್ದರು ಸೂಪರ್‌ವೈಸರ್ ಚನ್ನಬಸಮ್ಮ ಮೇಡಂ.

ಆ ದಿನ ಅವಳು ಊಟದ ಹೊತ್ತಿಗೆ ಮೂಲೆಯಲ್ಲಿ ಕೂತು ಕಣ್ಣೊರೆಸಿಕೊಂಡಿದ್ದಳು. ಯಾರೋ ತನ್ನ ನಿಧಾನವನ್ನು ಹೊಗಳಿದ್ದು ಅದೇ ಮೊದಲು!

ದಸರಾ ಕಳೆದ ಮೇಲೆ ಸಣ್ಣ ತಂತಿಯ ಮೂವರು ಹುಡುಗಿಯರಲ್ಲಿ ಒಬ್ಬಳನ್ನು ಖಾಯಂ ಮಾಡುತ್ತಾರೆ ಅನ್ನುವ ಸುದ್ದಿಯಿತ್ತು. ಉಳಿದ ತಾತ್ಕಾಲಿಕದವರನ್ನು ಮನೆಗೆ ಕಳಿಸುತ್ತಾರೆ. 'ಆ ಮೇಜು ನನಗೆ ಬೇಕು... ದೇವರೇ, ಅದೊಂದು ಸಾಕು' ಅಂತ ಅವಳು ದಿನಾ ಬೇಡಿಕೊಳ್ಳುತ್ತಿದ್ದಳು.

ಅದಕ್ಕೇ ಅವಳ ಸೈಕಲ್ಲಿಗೊಂದು ಲೆಕ್ಕಾಚಾರ ಇತ್ತು. ಜೋರಾಗಿ ತುಳಿದರೆ ಉಸಿರು ಹತ್ತುತ್ತದೆ. ಹಳ್ಳಕೊಳ್ಳದ ರಸ್ತೆಯಲ್ಲಿ ಹ್ಯಾಂಡಲ್ ಬಿಗಿಯಾಗಿ ಹಿಡಿಯಬೇಕಾಗುತ್ತದೆ. ಮೇಜಿಗೆ ಕೂತಾಗ ಬೆರಳು ನಡುಗುತ್ತದೆ, ತುಂಬ ಹೊತ್ತು ನಡುಗುತ್ತದೆ. ಒಮ್ಮೆ ತಡವಾಯಿತೆಂದು ಓಡಿಸಿಕೊಂಡು ಬಂದು, ಬೆಳಗ್ಗೆಯ ಸುರುಳಿಗಳನ್ನೆಲ್ಲ ಹಾಳು ಮಾಡಿ ಪಾಠ ಕಲಿತಿದ್ದಳು. ಅಂದಿನಿಂದ ಅರ್ಧ ಗಂಟೆ ಮುಂಚೆ ಹೊರಡುವುದು. ಬೆವರು ಬರುವ ಮುಂಚೆಯೇ ನಿಧಾನಿಸುವುದು. ಏರು ಬಂದರೆ ಇಳಿದು ತಳ್ಳುವುದು.

ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಯಾರು ಕೇಳಿದ್ದರು?

*

ಮರುದಿನ ಅದೇ ಜಾಗದಲ್ಲಿ ಅವನು ಕಾಯುತ್ತಿದ್ದ. ಕೈಯಲ್ಲಿ ಬಾಟಲಿ, ಮೊಣಕೈಗೆ ಪಟ್ಟಿ.

"ತಗೊಳ್ಳಿ. ತೊಳ್ದಿದೀನಿ. ನನ್ ಹೆಸ್ರು ಶಶಿಕುಮಾರ್. ನಿಮ್ ಕಂಪ್ನೀಲೇ, ಹಿಂದ್ಗಡೆ ಮಿಷಿನ್ ಶಾಪು. ನಿನ್ನೆ ಗೇಟಲ್ಲಿ ನಿಮ್ಮನ್ನ ನೋಡ್ದಾಗ್ಲೇ ಗೊತ್ತಾಗಿದ್ದು."

ಅವಳು ಬಾಟಲಿ ತೆಗೆದುಕೊಂಡಳು.

"ಅಕ್ಕ ಅಂದಿದ್ದು ವಾಪಸ್ ತಗೋತೀನಿ," ಅಂದ ಅವನು ಗಂಭೀರವಾಗಿ. "ಅವಸರದಲ್ಲಿ ಬಂದ್ಬಿಡ್ತು."

ಮುನಿಲಕ್ಷ್ಮಿಗೆ ನಗು ಬಂತು. ನಗದೇ ಇರಲು ರಸ್ತೆಯನ್ನು ನೋಡಿದಳು.

ಅಂದಿನಿಂದ ಅವನು ಅಗ್ರಹಾರದ ತಿರುವಿನಲ್ಲಿ ಸೇರಿಕೊಳ್ಳತೊಡಗಿದ. ಅವನಿಗೆ ನಿಧಾನಕ್ಕೆ ಹೋಗಲು ಬರುತ್ತಿರಲಿಲ್ಲ, ಅದೇ ತಮಾಷೆ! ಪಕ್ಕದಲ್ಲಿ ಸ್ವಲ್ಪ ದೂರ ಬಂದರೆ ಸೈಕಲ್ಲು ಅತ್ತ ಇತ್ತ ಓಲಾಡುತ್ತಿತ್ತು. ತಡೆಯಲಾರದೆ ನೀಲಗಿರಿ ತೋಪಿನವರೆಗೆ ಓಡಿಸಿಕೊಂಡು ಹೋಗಿ, ಅಲ್ಲಿಂದ ತಿರುಗಿಕೊಂಡು ವಾಪಸು ಬರುತ್ತಿದ್ದ. ಮತ್ತೆ ಮುಂದೆ, ಮತ್ತೆ ಹಿಂದೆ. ಹಗ್ಗ ಬಿಚ್ಚಿದ ಕರುವಿನ ಹಾಗೆ.

"ಇಂಗೆ ಎರಡೆರಡು ಸಲ ಓಗಿ ಬಂದ್ರೆ ಸುಸ್ತಾಗಲ್ವಾ?" ಅವಳು ಒಮ್ಮೆ ಕೇಳಿಯೇಬಿಟ್ಟಳು.

"ಅಯ್ಯೋ, ಮಾತಾಡಿದ್ರು! ನಿಲ್ರೀ, ಗಂಧದಕಡ್ಡಿ ಹಚ್ತೀನಿ."

ಅವನ ಗೆಳೆಯ ರುದ್ರೇಶ್ ಮತ್ತು ಮಿಷಿನ್ ಶಾಪಿನ ಹುಡುಗರು ಗುಂಪಾಗಿ ಹಾದುಹೋಗುತ್ತಾ ರೇಗಿಸುತ್ತಿದ್ದರು.

"ಏನ್ ಗುರು, ಸ್ಲೋ ಸೈಕಲ್ ರೇಸ್ ಪ್ರಾಕ್ಟೀಸಾ? ರಾಜ್ಯೋತ್ಸವಕ್ಕೆ ಪ್ರೈಜು ನಿಂದೇ ಬಿಡು!"

ಶಶಿ ನಕ್ಕು ಸುಮ್ಮನಾಗುತ್ತಿದ್ದ. ಆದರೆ ಅವನ ಕಿವಿ ಕೆಂಪಾಗುವುದನ್ನು ಮುನಿಲಕ್ಷ್ಮಿ ನೋಡುತ್ತಿದ್ದಳು. ನೋಡುವುದೇ ಅವಳ ಕೆಲಸವಲ್ಲವೇ!

'ನನ್ನ ಜೊತೆ ಬರೋದು ಇವನಿಗೆ ನಾಚಿಕೆ ಆಗುತ್ತೇನೋ...'

"ನೀವ್ಯಾಕೆ ಇಷ್ಟು ನಿಧಾನ?" ಅಂತ ಅವನು ಕೇಳಿದಾಗ ಹೇಳಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಬೆರಳು, ತಂತಿ, ನಡುಕ... ಇದೆಲ್ಲ ಹೇಳಿದರೆ ನಗುತ್ತಾನೋ ಏನೋ.

"ಅಂಗೇ..." ಅಂದಳು.

"ಅಂಗೇ ಅಂದ್ರೆ? ಸೈಕಲ್ ಬಿಗಿನಾ?"

ಅವಳು ರಸ್ತೆ ನೋಡುತ್ತಾ ತುಳಿದಳು. ಅವನು ಅವಳ ಹಳೆಯ ಲೇಡೀಸ್ ಸೈಕಲ್ಲನ್ನೂ, ಕಿರುಗುಟ್ಟುವ ಚೈನನ್ನೂ ನೋಡಿ ತಾನೇ ಒಂದು ತೀರ್ಮಾನಕ್ಕೆ ಬಂದುಬಿಟ್ಟ. ಮೌನಕ್ಕೆ ಎಲ್ಲರೂ ತಮಗೆ ಬೇಕಾದ ಅರ್ಥ ಹಚ್ಚಿಕೊಳ್ಳುತ್ತಾರಲ್ಲ, ಹಾಗೆ.

*

ಆಯುಧಪೂಜೆಯ ಹಿಂದಿನ ದಿನ ಕಾರ್ಖಾನೆಯಲ್ಲಿ ಕೆಲಸವೇ ಇರುವುದಿಲ್ಲ. ಯಂತ್ರ ತೊಳೆಯುವುದು, ಗುಜರಿ ಎತ್ತಿಸುವುದು, ಬಾಳೆಕಂದು ಕಟ್ಟುವುದು. ಸೈಕಲ್ಲುಗಳನ್ನೆಲ್ಲ ಮಿಷಿನ್ ಶಾಪಿನ ಮುಂದೆ ನಿಲ್ಲಿಸುವುದು ಅಲ್ಲಿನ ಪದ್ಧತಿ. ಹುಡುಗರು ಒಂದೊಂದನ್ನೇ ತಿಕ್ಕಿ ತೊಳೆದು, ಎಣ್ಣೆ ಬಿಟ್ಟು, ಕುಂಕುಮ ಇಟ್ಟು, ಸಾಲಾಗಿ ಪೂಜೆಗೆ ಸಿದ್ಧ ಮಾಡುತ್ತಿದ್ದರು.

"ಇದನ್ನ ಯಾರೂ ಮುಟ್ಬೇಡ್ರೋ," ಅಂದ ಶಶಿ, ಮುನಿಲಕ್ಷ್ಮಿಯ ಸೈಕಲ್ಲನ್ನು ಮೂಲೆಗೆ ಎಳೆದುಕೊಂಡು. "ಇದು ನಂದು."

"ಸೈಕಲ್ ಮಾತ್ರಾನಾ ಮಚ್ಚಾ?" ಅಂದ ರುದ್ರೇಶ್. ಎಲ್ಲರೂ ಹೋ ಅಂದರು.

ಪೂಜೆಯಾಗಿ, ಬೂದುಗುಂಬಳ ಒಡೆದು, ಪುರಿ-ಕಡ್ಲೆ ಹಂಚಿ ಆದ ಮೇಲೆ ಮುನಿಲಕ್ಷ್ಮಿ ತನ್ನ ಸೈಕಲ್ಲನ್ನು ನೋಡಿ ಬೆರಗಾದಳು. ಚೈನು ಮಿರಮಿರ ಮಿಂಚುತ್ತಿತ್ತು. ಹ್ಯಾಂಡಲ್ಲಿಗೆ ಚೆಂಡುಹೂವು. ಹಿಂದಿನ ಚಕ್ರದಲ್ಲಿ ಏನೋ ಹೊಸದಾಗಿ ಹೊಳೆಯುತ್ತಿತ್ತು.

"ಇನ್ಮೇಲೆ ನೋಡಿ!" ಅಂದ ಶಶಿ. ಅವನ ಕಣ್ಣು ಚಿಕ್ಕ ಹುಡುಗನ ಕಣ್ಣಿನಂತಿತ್ತು. "ಹಾರ್ಕೊಂಡು ಹೋಗುತ್ತೆ."

ಅವಳು ಚೆಂಡುಹೂವೊಂದನ್ನು ಮುಟ್ಟಿ ನೋಡಿದಳು. ಎದೆ ತುಂಬಿಬಂದಿತ್ತು. ನನಗೋಸ್ಕರ ಇಷ್ಟು ಹೊತ್ತು ಕೂತು ಮಾಡಿದಾನೆ!

ಆದರೆ ಅವನು ಮಾಡಿದ್ದೇನು ಗೊತ್ತೇ? ಹಿಂದಿನ ಚಕ್ರದ ಹಳೆಯ ಫ್ರೀವೀಲನ್ನು, ಅಂದರೆ ಚೈನು ಕೂರುವ ಹಲ್ಲಿನ ಗಾಲಿಯನ್ನು, ಬಿಚ್ಚಿ ಹಲ್ಲು ಕಮ್ಮಿ ಇರುವ ಚಿಕ್ಕದೊಂದನ್ನು ಕೂರಿಸಿದ್ದ. ಒಂದು ಸಲ ತುಳಿದರೆ ಮೊದಲಿಗಿಂತ ಹೆಚ್ಚು ದೂರ. ಅವನ ಸೈಕಲ್ಲಿಗೂ ಅದೇ ಇತ್ತು. ಆದರೆ ಅದನ್ನು ತುಳಿಯಲು ಅವನಂಥವನ ಕಾಲಿನ ಬಲ ಬೇಕು.

ಅಂದು ಅವಳು ಹೂವು ಉದುರಬಾರದೆಂದು ಮನೆಯವರೆಗೆ ತಳ್ಳಿಕೊಂಡೇ ಹೋದಳು. ಹಬ್ಬ ಮುಗಿಸಿ ಕೆಲಸಕ್ಕೆ ಹೊರಟ ಬೆಳಗ್ಗೆ ಪೆಡಲ್ಲು ಕಲ್ಲಿನಂತೆ ಭಾರವಾಗಿತ್ತು. ಮೆಲ್ಲಗೆ ತುಳಿದರೆ ಮುಂದಕ್ಕೇ ಹೋಗದು. ಎದ್ದುನಿಂತು ತುಳಿದರೆ ಸುಯ್ಯೆಂದು ಓಡುತ್ತದೆ, ಹ್ಯಾಂಡಲ್ ಗಟ್ಟಿಯಾಗಿ ಹಿಡಿಯದೆ ವಿಧಿಯಿಲ್ಲ. ಮಧ್ಯದ ಆ ಹಿತವಾದ ನಡೆ ಎಲ್ಲಿ ಹೋಯಿತು?

ಮೇಜಿಗೆ ಕೂತಳು. ಬೆರಳು ತರತರ ನಡುಗುತ್ತಿತ್ತು.

ಪಟ್!

ಮತ್ತೊಮ್ಮೆ ಪಟ್!

ಮೂರನೇ ದಿನಕ್ಕೆ ಚನ್ನಬಸಮ್ಮ ಮೇಡಂ ಪಕ್ಕಕ್ಕೆ ಕರೆದರು. "ಏನಾಗೇತಮ್ಮ ನಿನಗ? ಮೈಯಾಗ ಆರಾಮಿಲ್ಲೇನು? ಸೋಮವಾರ ಮುಂಜಾನೆ ಮೂರೂ ಮಂದಿಗೆ ಒಂದೊಂದು ಸುರುಳಿ ಕೊಡ್ತಾರ. ಸಾಹೇಬ್ರು ನಿಂತು ನೋಡ್ತಾರ. ನಿನ್ನ ಮ್ಯಾಲೆ ನಾ ಆಸೆ ಇಟ್ಟೀನಿ..."

ಅವಳು ತಲೆಯಾಡಿಸಿದಳು.

ಊಟದ ಹೊತ್ತಿಗೆ ಪಕ್ಕದ ಮೇಜಿನ ಮಾಲಾ ಕಿವಿಯ ಹತ್ತಿರ ಬಂದಳು.

"ಲೇ, ನಿನ್ ಸೈಕಲ್‌ಗೆ ಆ ಶಶಿ ಏನೋ ರೇಸ್ ಸಾಮಾನು ಹಾಕಿದಾನಂತೆ ಕಣೆ. ಹುಡುಗ್ರೆಲ್ಲಾ ನಗಾಡ್ತಿದ್ರು. 'ಇನ್ಮೇಲೆ ನಮ್ ಮೆರವಣಿಗೆ ಮೇಡಂ ಲಾರೀನೂ ಹಿಂದಾಕ್ತಾರೆ, ನೀವೇನೋ ನಗೋದು' ಅಂದನಂತೆ ಅವ್ನು."

ಮುನಿಲಕ್ಷ್ಮಿಯ ಕೈಯ ತುತ್ತು ಕೈಯಲ್ಲೇ ಉಳಿಯಿತು.

'ಹಾಗಾದರೆ... ಅವನಿಗೂ ಅಷ್ಟೇನಾ? ಅಮ್ಮನಿಗೆ, ಮೇಷ್ಟ್ರಿಗೆ ಆದ ಹಾಗೆ ಅವನಿಗೂ ನನ್ನ ನಿಧಾನ ಅವಮಾನ... ಸ್ನೇಹಿತರ ಎದುರು ಮರ್ಯಾದೆ ಹೋಗಬಾರದು ಅಂತ ನನ್ನನ್ನೇ ಬದಲಾಯಿಸೋಕೆ ಹೊರಟನಾ?'

ಆ ಮಧ್ಯಾಹ್ನ ಇನ್ನೂ ಎರಡು ಸುರುಳಿ ಹಾಳಾದವು. ಅವು ಕೈ ನಡುಗಿದ್ದಕ್ಕಲ್ಲ, ಕಣ್ಣು ಮಂಜಾಗಿದ್ದಕ್ಕೆ.

*

ಮರುದಿನದಿಂದ ಅವಳು ಅಗ್ರಹಾರದ ದಾರಿ ಬಿಟ್ಟು ಕೆರೆ ಏರಿಯ ಮೇಲೆ ಹೋಗತೊಡಗಿದಳು. ತುಳಿಯಲಿಲ್ಲ, ಸೈಕಲ್ಲನ್ನು ಸುಮ್ಮನೆ ತಳ್ಳಿಕೊಂಡೇ ಹೋದಳು. ಬಸ್ಸಿಗೆ ಹೋದರೆ ಕಂಬಿ ಹಿಡಿದು ಜೋತಾಡಬೇಕು, ಅದೂ ಅಷ್ಟೇ ಕೈನಡುಕ. ಸೈಕಲ್ ಯಾಕೆ ಒಯ್ಯುತ್ತಿದ್ದಾಳೆಂದರೆ ಮನೆಯಲ್ಲಿ ಬಿಟ್ಟರೆ ಅಮ್ಮ ಕಾರಣ ಕೇಳುತ್ತಾಳೆ. ಕಾರಣ ಹೇಳಿದರೆ ಹುಡುಗನ ಹೆಸರು ಬರುತ್ತದೆ.

ಇತ್ತ ಶಶಿ ತಿರುವಿನಲ್ಲಿ ಕಾದು ಕಾದು, ಒಬ್ಬನೇ ಹೋಗುತ್ತಿದ್ದ. ಗೇಟಿನಲ್ಲಿ ಕಂಡರೂ ಅವಳು ಮುಖ ತಿರುಗಿಸಿಕೊಳ್ಳುತ್ತಿದ್ದಳು.

'ನಾನು ಕೊಟ್ಟದ್ದು ಇಷ್ಟ ಆಗ್ಲಿಲ್ವಾ? ಕೇಳ್ದೆ ಮುಟ್ಟಿದ್ದೇ ತಪ್ಪಾಯ್ತಾ?'

ಅವನ ವೇಗವೆಲ್ಲ ಎಲ್ಲಿ ಹೋಯಿತೋ! ಹುಡುಗರ ಗುಂಪಿನಲ್ಲಿ ಎಲ್ಲರಿಗಿಂತ ಹಿಂದೆ ಬರುವವನು ಈಗ ಅವನೇ ಆಗಿದ್ದ.

ಭಾನುವಾರ ಮಧ್ಯಾಹ್ನ ಅವನು ಕೆರೆ ಏರಿಯ ಮೇಲೆ ಬರುತ್ತಿದ್ದಾಗ ಮುನಿಲಕ್ಷ್ಮಿ ಎದುರಾದಳು. ಹಸುವಿಗೆ ಕುಯ್ದ ಹುಲ್ಲಿನ ಹೊರೆಯನ್ನು ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿಕೊಂಡು ತಳ್ಳುತ್ತಿದ್ದಳು. ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ. ಒಂದು ಕಡೆ ನೀರು, ಒಂದು ಕಡೆ ರಾಗಿ ಹೊಲ.

ಅವನು ಇಳಿದು ನಿಂತ.

"ಒಂದ್ ಮಾತು ಕೇಳ್ತೀನಿ. ಹೇಳಿ, ಆಮೇಲೆ ನಿಮ್ ದಾರಿಗೆ ಬರಲ್ಲ. ನಾನೇನ್ ತಪ್ಪು ಮಾಡ್ದೆ?"

ಅವಳು ಹುಲ್ಲಿನ ಹೊರೆಯ ಹಗ್ಗ ಬಿಗಿದಳು.

"ಬೈದಾದ್ರೂ ಬೈರಿ! ಈ ಸುಮ್ನಿರೋದಿದೆಯಲ್ಲ, ಇದು ನಂಗ್ ತಡ್ಯಕ್ ಆಗಲ್ಲ ಕಣ್ರೀ."

ಅವಳ ತುಟಿ ಅದುರಿತು. ಇಪ್ಪತ್ತೆರಡು ವರ್ಷ ಯಾರೆದುರೂ ದನಿ ಎತ್ತದ ಹುಡುಗಿ ಅಂದು ಎತ್ತಿದಳು.

"ನಾನು ನಿಧಾನಕ್ಕೆ ಓಗ್ತಿದ್ದಿದ್ದು ಸೈಕಲ್ ಕೆಟ್ಟಿದೆ ಅಂತ ಅಲ್ಲ! ನಂಗೆ ಬೇಕು ಅಂತ! ನಿಮ್ಗೆ ನಾಚಿಕೆ ಆಗಿದ್ರೆ ಮುಂದೆ ಓಗ್ಬೇಕಿತ್ತು. ನನ್ನನ್ನ್ಯಾಕೆ ಓಡಿಸೋಕೆ ಬಂದ್ರಿ?"

"ನಾಚಿಕೆನಾ?! ನಂಗಾ?"

ಅವಳು ಎರಡೂ ಕೈ ಮುಂದೆ ಚಾಚಿದಳು. ಸೈಕಲ್ಲು ಅವಳ ಸೊಂಟಕ್ಕೆ ಒರಗಿ ನಿಂತಿತು.

"ಈ ಬೆರಳಲ್ಲಿ ಕೂದ್ಲಂಗಿರೋ ತಂತಿ ಇಡೀಬೇಕು ನಾನು. ಜೋರಾಗ್ ತುಳಿದ್ರೆ ನಡುಗ್ತವೆ, ನಡುಗಿದ್ರೆ ತಂತಿ ಕಿತ್ತೋಗುತ್ತೆ. ಅದ್ಕೇ ಅರ್ಧ ಗಂಟೆ ಮುಂಚೆ ಒರಡೋದು, ಅದ್ಕೇ ಮೆಲ್ಲಗೆ ತುಳ್ಯೋದು. ಅಬ್ಬ ಆದ್ಮೇಲೆ ಎಷ್ಟು ಸುರುಳಿ ಆಳು ಮಾಡಿದೀನಿ ಗೊತ್ತಾ? ನಾಳೆ ಬೆಳಗ್ಗೆ ಸಾಯೇಬ್ರು ನೋಡ್ತಾರೆ. ಕಿತ್ತೋದ್ರೆ ನನ್ನ ಮೇಜು ಓಯ್ತು. ಅದೊಂದೇ ನಂದು ಅಂತ ಇದ್ದಿದ್ದು..."

ಅವಳಿಗೆ ಅಳು ಬಂತು.

ಶಶಿ ಕಲ್ಲಿನಂತೆ ನಿಂತಿದ್ದ. ಕಬ್ಬಿಣ ಕಡೆಯುವ ಲೇತ್ ಯಂತ್ರದ ಮೇಲೆ ಕೆಲಸ ಮಾಡುವವನು ಅವನು. ಕೈ ನಡುಗಿದರೆ ಏನಾಗುತ್ತದೆಂದು ಅವನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ತಿಂಗಳುಗಟ್ಟಲೆ ಪಕ್ಕದಲ್ಲೇ ಬಂದರೂ ಒಮ್ಮೆಯೂ ಅವಳ ಕೈ ನೋಡಲಿಲ್ಲವಲ್ಲ ತಾನು!

"ನಾನು... ನಿಮ್ಗೆ ಕಷ್ಟ ಆಗ್ತಿದೆ ಅನ್ಕೊಂಡೆ," ಅಂದ ಕೊನೆಗೆ, ತೊದಲುತ್ತಾ. "ಆ ಹುಡುಗ್ರು ನಿಮ್ಮನ್ನ ನೋಡಿ ನಗ್ತಾರಲ್ಲ, ನಂಗೆ ಮೈಯೆಲ್ಲಾ ಉರೀತಿತ್ತು. ಇನ್ಮೇಲೆ ಯಾರೂ ನಗ್ಬಾರ್ದು ಅಂತ ಹಾಕ್ದೆ. ನಿಮ್ಮನ್ನೇ ಕೇಳ್ಬೇಕು ಅಂತ ಹೊಳೀಲೇ ಇಲ್ಲ. ಎಂಥಾ ದಡ್ಡ ನಾನು!"

ಅವಳು ಸೆರಗಿನಂತೆ ಹೊದ್ದ ದುಪಟ್ಟಾದ ತುದಿಯಲ್ಲಿ ಕಣ್ಣೊರೆಸಿಕೊಂಡಳು. ಅವನ ಮುಖವನ್ನು ನೋಡಿದಳು. ಚೆನ್ನಾಗಿ ನೋಡಿದಳು. ಸುಳ್ಳಿಲ್ಲ.

"ಹಳೇ ಫ್ರೀವೀಲ್ ಈಗ್ಲೇ ಹಾಕ್ಕೊಡ್ತೀನಿ, ಬನ್ನಿ."

"ಎಲ್ಲಿದೆ ಅದು?"

ಅವನ ಮುಖ ಸಪ್ಪಗಾಯಿತು. ಹಬ್ಬದ ಗುಜರಿಯ ಜೊತೆ ಅದೂ ಹೋಗಿಬಿಟ್ಟಿತ್ತು! ಕಾಡುಗೋಡಿಯ ಸೈಕಲ್ ಅಂಗಡಿ ಸೋಮಪ್ಪ ಅಂಗಡಿ ಮುಚ್ಚಿಕೊಂಡು ಆನೇಕಲ್ಲಿಗೆ ಮಗಳ ಮನೆಗೆ ಹೋಗಿದ್ದ, ಬರುವುದು ಸೋಮವಾರ ಸಂಜೆ.

"ಬಿಡಿ," ಅಂದಳು ಅವಳು, ಹುಲ್ಲಿನ ಹೊರೆ ಸರಿಮಾಡಿಕೊಳ್ಳುತ್ತಾ. "ನಾಳೇನೂ ನಡ್ಕೊಂಡೇ ಓಗ್ತೀನಿ. ಸ್ವಲ್ಪ ಮುಂಚೆ ಒಂಟ್ರಾಯ್ತು."

ಬೈಗುಳವೆಲ್ಲ ಮುಗಿದುಹೋಗಿತ್ತು. ಎದೆ ಯಾಕೋ ಹಗುರಾಗಿತ್ತು. ಅವನಿಗೆ ನಾಚಿಕೆ ಆಗಿರಲಿಲ್ಲ! ಅದೊಂದು ಮಾತನ್ನು ಅವಳು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಮತ್ತೆ ಮತ್ತೆ ಹೇಳಿಕೊಂಡಳು.

*

ಸೋಮವಾರ. ಇಬ್ಬನಿ ಇನ್ನೂ ಆರಿರಲಿಲ್ಲ.

"ಇಷ್ಟೊತ್ಗೇ ಎಲ್ಲಿಗೇ ಒಂಟೆ?" ಚಿಕ್ಕಮುನಿಯಮ್ಮ ಹಾಲು ಕರೆಯುತ್ತಲೇ ಕೇಳಿದಳು.

"ಇವತ್ತು ಖಾಯಂ ಮಾಡೋ ದಿನ ಅವ್ವ."

ಅಮ್ಮ ಕೈ ನಿಲ್ಲಿಸಿ ಮಗಳನ್ನು ನೋಡಿದಳು. "ಓಗು. ನಿದಾನ್ಕೆ ಓಗು," ಅಂದಳು. ಆ ಮಾತು ಅಮ್ಮನ ಬಾಯಲ್ಲಿ ಇಷ್ಟು ಮೆತ್ತಗೆ ಬಂದದ್ದನ್ನು ಅವಳು ಎಂದೂ ಕೇಳಿರಲಿಲ್ಲ.

ಹಳ್ಳಿಯ ಕೊನೆಯ ಮನೆ ದಾಟಿದಾಗ ಬೇಲಿಯ ಪಕ್ಕದಲ್ಲಿ ಶಶಿ ನಿಂತಿದ್ದ. ತಲೆ ಬಾಚಿ, ಶರಟು ಇಸ್ತ್ರಿ ಮಾಡಿ. ಸೈಕಲ್ಲು ಕೈಯಲ್ಲಿ.

"ನೀವ್ಯಾಕೆ ಬಂದ್ರಿ? ನಿಮ್ಮನೆ ದಾರಿ ಆ ಕಡೆ."

"ನಡ್ಯೋದು ಎಷ್ಟು ಕಷ್ಟ ನೋಡೋಣ ಅಂತ."

"ಸೈಕಲ್ ಅತ್ತಿ ಓಗಿ. ಲೇಟಾಗುತ್ತೆ ನಿಮ್ಗೆ."

"ನಿಮ್ಗಾಗಲ್ವಾ?"

"ನಂಗಾಗಲ್ಲ. ಲೆಕ್ಕ ಆಕ್ಕೊಂಡೇ ಒಂಟಿರೋದು."

"ಹಂಗಾದ್ರೆ ನಂಗೂ ಆಗಲ್ಲ."

ಇಬ್ಬರೂ ಸೈಕಲ್ಲು ತಳ್ಳುತ್ತಾ ನಡೆದರು. ಮಧ್ಯೆ ಎರಡು ಸೈಕಲ್ಲುಗಳ ಅಗಲದ ದೂರ. ಅವನು ಅವಳ ಉಸಿರು ಏರದ ಹಾಗೆ, ಅವಳ ಹೆಜ್ಜೆ ನೋಡಿ ತನ್ನ ಹೆಜ್ಜೆ ಇಡುತ್ತಿದ್ದ. ಏರು ಬಂದಾಗ, ಉತ್ತರಕ್ಕೂ ಕಾಯದೆ, "ಒಂದ್ ನಿಮಿಷ ನಿಲ್ಲೋಣ್ವಾ?" ಅಂತ ನಿಂತ. ಆಮೇಲೆ ನಾಲಿಗೆ ಕಚ್ಚಿಕೊಂಡು, "ಅಥವಾ... ನಿಲ್ಬೇಕಾ ಬೇಡ್ವಾ, ನೀವೇ ಹೇಳಿ," ಅಂದ.

ಅವಳು ನಕ್ಕಳು. "ಬ್ಯಾಡ. ಇಂಗೇ ಓಗಾಣ."

ಹೂಡಿ ಹತ್ತಿರವಾಗುತ್ತಿದ್ದಂತೆ ಹಿಂದಿನಿಂದ ಬೆಲ್ಲುಗಳ ಸದ್ದು. ರುದ್ರೇಶನ ಗುಂಪು!

ಮುನಿಲಕ್ಷ್ಮಿ ಸೈಕಲ್ಲನ್ನು ರಸ್ತೆಯ ಅಂಚಿಗೆ ಸರಿಸಿಕೊಂಡಳು. 'ಈಗ ಇವನು ಹತ್ತಿ ಹೊರಟುಬಿಡುತ್ತಾನೆ. ಹೋದರೂ ತಪ್ಪಿಲ್ಲ...'

"ಲೋ ಶಶಿ! ಪಂಕ್ಚರ್ರೇನೋ?"

"ಇಲ್ಲ ಕಣೋ."

"ಚೈನ್ ಬಿತ್ತಾ?"

"ಇಲ್ಲ."

"ಮತ್ತ್ಯಾಕ್ ಗುರು ತಳ್ಕೊಂಡ್ ಬರ್ತಿದೀಯಾ? ಎಲ್ರೂ ನೋಡ್ತಾವ್ರೆ!"

ಶಶಿ ನಿಂತ. ಹುಡುಗರೂ ನಿಂತರು. ರಸ್ತೆ ಬದಿಯ ಟೀ ಅಂಗಡಿಯವರೂ ಕತ್ತೆತ್ತಿ ನೋಡಿದರು.

"ನೋಡ್ಲಿ ಬಿಡೋ," ಅಂದ ಅವನು. "ಇವ್ರು ಎಷ್ಟು ಮೆಲ್ಲಗೆ ಹೋಗ್ತಾರೋ ನಾನೂ ಅಷ್ಟೇ ಮೆಲ್ಲಗೆ. ಇವತ್ತಂತಲ್ಲ, ಇನ್ಮೇಲೂ."

ಯಾರೂ ಹೋ ಅನ್ನಲಿಲ್ಲ. ರುದ್ರೇಶ್ ಮಾತ್ರ ಒಮ್ಮೆ ಅವನನ್ನು, ಒಮ್ಮೆ ಅವಳನ್ನು ನೋಡಿ, ಮೆಲ್ಲಗೆ, "ಸರಿ ಮಗಾ. ಗೇಟಲ್ಲಿ ಸಿಗು," ಅಂದು ಹೊರಟ. ಗುಂಪು ಅವನ ಹಿಂದೆ ಹೋಯಿತು.

ಮುನಿಲಕ್ಷ್ಮಿ ತಲೆ ಎತ್ತಲಿಲ್ಲ. ಎತ್ತಿದ್ದರೆ ಅವಳ ಮುಖದಲ್ಲಿದ್ದದ್ದನ್ನು ಇಡೀ ಹೂಡಿ ನೋಡಿಬಿಡುತ್ತಿತ್ತು.

*

ಸಾಹೇಬರು ಬಂದು ಹಿಂದೆ ನಿಂತಾಗ ಕೋಣೆಯಲ್ಲಿ ಫ್ಯಾನಿನ ಸದ್ದು ಮಾತ್ರ ಇತ್ತು. ಚನ್ನಬಸಮ್ಮ ಮೇಡಂ ತಂತಿಯ ಉರುಳೆ ಇಟ್ಟರು.

ಮುನಿಲಕ್ಷ್ಮಿ ತಂತಿಯ ತುದಿಯನ್ನು ಬೆರಳ ನಡುವೆ ಹಿಡಿದಳು. ಯಂತ್ರ ತಿರುಗಿತು. ತಂತಿ ಬೆರಳ ಸಂದಿಯಲ್ಲಿ ನೀರಿನಂತೆ ಹರಿಯಿತು, ಒಂದರ ಪಕ್ಕ ಒಂದು, ಒಂದರ ಮೇಲೆ ಒಂದು. ಅವಳಿಗೆ ಸಾಹೇಬರು ಕಾಣಲಿಲ್ಲ, ಯಾರೂ ಕಾಣಲಿಲ್ಲ. ಪಕ್ಕದ ಮೇಜಿನಲ್ಲಿ ಪಟ್ಟೆಂದ ಸದ್ದು ಕೇಳಿಸಿತು. ಅವಳ ಬೆರಳು ಅಲುಗಲಿಲ್ಲ.

ಯಂತ್ರ ನಿಂತಾಗ ಸಾಹೇಬರು ಸುರುಳಿಯನ್ನು ಬೆಳಕಿಗೆ ಹಿಡಿದು ನೋಡಿದರು. ಏನೂ ಹೇಳದೆ ಚನ್ನಬಸಮ್ಮನ ಕೈಗೆ ಕೊಟ್ಟು, ತಲೆಯಾಡಿಸಿ ಹೋದರು.

"ಹಂಗ ಕುಂದ್ರು," ಅಂದರು ಚನ್ನಬಸಮ್ಮ, ಎದ್ದುನಿಲ್ಲಲು ಹೋದವಳ ಭುಜ ಒತ್ತಿ. "ಅದು ನಿನ್ನ ಕುರ್ಚಿ. ಇನ್ನ ಎಬ್ಬಸಾವ್ರು ಯಾರೂ ಇಲ್ಲ."

*

ಸಂಜೆ ಕಾಡುಗೋಡಿಗೆ ಬರುವಷ್ಟರಲ್ಲಿ ಸೋಮಪ್ಪನ ಅಂಗಡಿ ತೆರೆದಿತ್ತು. ಶಶಿ ಪಕ್ಕದಲ್ಲೇ ಕುಕ್ಕರಗಾಲಿನಲ್ಲಿ ಕೂತ.

"ಯಾವುದು ಹಾಕ್ಲಿ? ಇದಾ, ಅದಾ?" ಸೋಮಪ್ಪ ಎರಡು ಫ್ರೀವೀಲು ತೋರಿಸಿದ.

ಶಶಿಯ ಬಾಯಿ ತೆರೆದದ್ದು ಹಾಗೇ ಮುಚ್ಚಿತು. ಮುನಿಲಕ್ಷ್ಮಿಯ ಕಡೆ ನೋಡಿದ.

ಅವಳು ಎರಡನ್ನೂ ತಿರುಗಿಸಿ ನೋಡಿ ದೊಡ್ಡದನ್ನು ಆರಿಸಿದಳು. "ಇದು."

ಅಂಗಡಿಯಿಂದ ಹೊರಟು ಇಬ್ಬರೂ ಹತ್ತಿ ತುಳಿದರು. ಪೆಡಲ್ಲು ಮೆತ್ತಗೆ ತಿರುಗಿತು. ಶಶಿಯ ಸೈಕಲ್ಲು ಓಲಾಡಲಿಲ್ಲ. ಬ್ರೇಕು ಮೆಲ್ಲಗೆ ಒತ್ತಿಕೊಂಡು ಬರುವುದನ್ನು ಹೇಗೋ ಕಲಿತುಬಿಟ್ಟಿದ್ದ. ಹಾಲಿನ ಡೇರಿಯ ಹತ್ತಿರ ಬಂದಾಗ ಅವನು ಗಂಟಲು ಸರಿಮಾಡಿಕೊಂಡ.

"ಒಂದ್ ವಿಷ್ಯ... ನಮ್ಮಮ್ಮ ನಿಮ್ಮನೇಗ್ ಬರ್ಬೇಕು ಅಂತಿದಾರೆ. ಹೆಣ್ಣು ಕೇಳೋಕೆ. ನೀವು ಹ್ಞೂಂ ಅಂದ್ರೆ ಮಾತ್ರ. ಈಗ್ಲೇ ಹೇಳ್ಬೇಕು ಅಂತಿಲ್ಲ ಲಕ್ಷ್ಮಿ. ನಿಧಾನಕ್ಕೆ ಯೋಚ್ನೆ ಮಾಡಿ. ಒಂದು ತಿಂಗ್ಳು, ಯುಗಾದಿವರ್ಗೂ ಆದ್ರೂ ಕಾಯ್ತೀನಿ..."

"ಈ ಭಾನುವಾರ ಬರೋಕ್ಕೇಳಿ."

ಅವನು ಬ್ರೇಕು ಹಿಡಿದ. "ಏನಂದ್ರಿ?"

"ಬೆಳಗ್ಗೆ ಬರ್ಲಿ. ಮಧ್ಯಾಹ್ನ ಅವ್ವ ಉಲ್ಲಿಗೆ ಓಗ್ತಾಳೆ."

"ಅಲ್ಲಾ... ಇಷ್ಟ್ ಬೇಗನಾ? ಯೋಚ್ನೆ ಮಾಡಲ್ವಾ?"

ಮುನಿಲಕ್ಷ್ಮಿ ಅವನನ್ನು ದಾಟಿ ಎರಡು ಮಾರು ಮುಂದೆ ಹೋಗಿ, ತಿರುಗಿ ನೋಡಿದಳು. ಅವಳ ಮುಖದ ತುಂಬ ನಗು.

"ಮಾಡಿ ಯಾವಾಗ್ಲೋ ಆಯ್ತು. ತಡ ಮಾಡಿದ್ದು ನೀವು."